ವೃಕ್ಷಬಂಧುವಿನ ಗುಂಡಿಗಳು

ನನ್ನ ಪ್ಯಾಂಟಿನ ಕಾಲಂಚಿಗೆ ದಿನಾ ಬೆಳಿಗ್ಗೆ ಅಂಟಿಕೊಂಡು ಬರುವ ಹುಲ್ಲಿನ ಮುಳ್ಳುಗಳ ಬಗ್ಗೆ ನಮ್ಮ ಮನೆಯಲ್ಲಿ ನಡೆದಷ್ಟು ವಾದವಿವಾದ, ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಬೇರೆ ಯಾವ ವಿಷಯಕ್ಕೂ ನಡೆದದ್ದಿಲ್ಲ. ಕೋಲಾರ ಚಿನ್ನದ ಗಣಿಯ ಸುತ್ತಿನ ಬಯಲಿನಲ್ಲಿ ಕಾಲಾಡಿಸಿದವರಿಗೆ ಈ ಮುಳ್ಳಿನ ಪರಿಚಯ ಇದ್ದೇ ಇರುತ್ತದೆ. ಹುಲ್ಲು ಒಣಗುವ ಕಾಲಕ್ಕೆ ಅದರ ಬೀಜ ಮುಂದೊಂದು ಸೂಜಿಮೊನೆ, ಹಿಂದೊಂದು ತಿರುಚಿದ ಬಾಲ ಕಟ್ಟಿಕೊಂಡು ದಾರಿಹೋಕರಿಗಾಗಿ ಕಾದಿರುತ್ತದೆ. ತಾಗಿದರೆ ಸಾಕು, ಬಟ್ಟೆಯ ನೂಲಿನೊಳಗೆ ಹೊಕ್ಕು, ನಡೆದಷ್ಟೂ ಒಳಕ್ಕೆ ಸರಿದು, ಕೊನೆಗೆ ಚರ್ಮವನ್ನೇ ಮಾತಾಡಿಸುತ್ತದೆ. ಒಗೆದರೆ ಹೋಗುವುದಿಲ್ಲ, ಕೊಡವಿದರೆ ಬೀಳುವುದಿಲ್ಲ, ಒಂದೊಂದನ್ನೇ ಉಗುರಿನಲ್ಲಿ ಕೀಳಬೇಕು. ಈ ಕೀಳುವ ಕಾಯಕ ಯಾವ ನ್ಯಾಯದ ಪ್ರಕಾರವೋ ನನ್ನ ಹೆಂಡತಿ ಶಾರದೆಯ ಪಾಲಿಗೆ ಬಂದಿತ್ತು. "ಸಾಕಾಯ್ತು ಮಾರಾಯ್ರೆ ನಿಮ್ಮ ಪ್ಯಾಂಟಿನ ಸೇವೆ. ರಸ್ತೆಯಲ್ಲಿ ನಡೀಲಿಕ್ಕೆ ಎಂಥ ಕಷ್ಟ ನಿಮಗೆ?" ಎಂದು ಅವಳು ಕೇಳುವುದು, ಡಾಂಬರಿನ ಮೇಲೆ ನಡೆದರೆ ಮಂಡಿ ನೋಯುತ್ತದೆಂದು ನಾನು ವೈದ್ಯಶಾಸ್ತ್ರವನ್ನು ಅಡ್ಡ ತರುವುದು, ಆಮೇಲೆ ಇಬ್ಬರೂ ಕಾಫಿ ಕುಡಿಯುವುದು, ಇದು ನಮ್ಮ ಬೆಳಗಿನ ಕ್ರಮ.

ಮುಳ್ಳಿನ ಕಾಟಕ್ಕೆ ನಾನು ಕಂಡುಕೊಂಡ ಪರಿಹಾರವನ್ನು ಹೇಳುವ ಮೊದಲು ನನ್ನ ಜಾತಕವನ್ನು ಸ್ವಲ್ಪ ಬಿಚ್ಚಬೇಕು. ನಾನು ಘಟ್ಟದ ಕೆಳಗಿನ ಪುತ್ತೂರಿನ ಕಡೆಯವನು. ಅಲ್ಲಿ ಗಿಡ ಬೆಳೆಸುವುದು ಯಾರಿಗೂ ಸಾಧನೆಯಲ್ಲ. ಬೆಳೆಯದಂತೆ ನೋಡಿಕೊಳ್ಳುವುದೇ ಸಾಧನೆ, ಏಕೆಂದರೆ ಬೇಲಿಗೆಂದು ಊರಿದ ಗೂಟವೂ ಮಳೆಗಾಲ ಮುಗಿಯುವಷ್ಟರಲ್ಲಿ ಚಿಗುರಿ ನಿಂತಿರುತ್ತದೆ. ಇಂಥ ಊರಿನಿಂದ ಬಂದು, ಇಲ್ಲಿಯ ದೊಡ್ಡ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನಟ್ಟು ಬೋಲ್ಟುಗಳ ನಡುವೆ ಆಯುಸ್ಸು ಸವೆಸಿದವನಿಗೆ, ಕ್ವಾರ್ಟರ್ಸಿನ ಬೇಲಿ ದಾಟಿದೊಡನೆ ಎದುರಾಗುವ ಬಯಲು ವೈಯಕ್ತಿಕ ಅವಮಾನವೆಂದೇ ತೋರುತ್ತಿತ್ತು. ಒಂದು ಕಡೆ, ಗಣಿಯ ಮಣ್ಣು ದಶಕಗಟ್ಟಲೆ ರಾಶಿ ಬಿದ್ದು ಬೆಳೆದ, ಊರೆಲ್ಲ ಸೈನೈಡ್ ದಿಬ್ಬವೆಂದು ಕರೆಯುವ ಬೂದುಬಣ್ಣದ ದಿಣ್ಣೆ. ಇನ್ನೊಂದು ಕಡೆ ಕಾಮಸಮುದ್ರದ ಬಸ್ಸು ಹೋಗುವ ದಾರಿ. ನಡುವೆ ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಉಳಿದದ್ದೆಲ್ಲ ಆಕಾಶ. ಮೂವತ್ತು ವರ್ಷ ಅದನ್ನು ನೋಡಿಕೊಂಡು ನಾನು "ಪಾಪ, ಬೋಳು" ಎಂದು ಮರುಗಿದ್ದೇನೆ. ನನ್ನ ತಲೆಯ ಮೇಲೂ ಅಷ್ಟರಲ್ಲಿ ಅದೇ ಪರಿಸ್ಥಿತಿ ಒದಗಿತ್ತೆಂಬುದು ಬೇರೆ ಮಾತು.

ನಿವೃತ್ತಿಯಾದವನಿಗೆ ಸಮಾಜಸೇವೆಯ ಚಟ ಹತ್ತಿದರೆ ಸಮಾಜ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು. ನಾವು ಹತ್ತಾರು ಮಂದಿ ನಿವೃತ್ತರು ಬೆಳಗಿನ ನಡಿಗೆಗೊಂದು ಬಳಗ ಕಟ್ಟಿಕೊಂಡಿದ್ದೆವು. ಅದರ ಕಾರ್ಯದರ್ಶಿ ಪಾಟೀಲರು ಧಾರವಾಡದ ಕಡೆಯವರು, ವೆಲ್ಡಿಂಗ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದವರು. ಹಿಡಿದ ಕೆಲಸ ಬಿಡುವವರಲ್ಲ, ಬಿಟ್ಟವರನ್ನು ಸುಮ್ಮನೆ ಬಿಡುವವರೂ ಅಲ್ಲ. ಮೂರು ವರ್ಷದ ಹಿಂದೆ ನನ್ನದೇ ಪ್ರಚೋದನೆಯಿಂದ ಬಯಲಿನ ಪೂರ್ವದ ಅಂಚಿಗೆ ಮೂವತ್ತು ಹೊಂಗೆ, ಬೇವಿನ ಸಸಿ ನೆಟ್ಟೆವು. ಬೇಸಗೆಯಿಡೀ ಸ್ಕೂಟರಿನಲ್ಲಿ ನೀರಿನ ಕ್ಯಾನು ಹೊತ್ತು ಅವಕ್ಕೆ ಉಣಿಸಿದವನು ನಾನೇ. ಅದಕ್ಕಾಗಿ ಬಳಗದವರು ನನಗೆ ಶಾಲು ಹೊದಿಸಿ 'ವೃಕ್ಷಬಂಧು' ಎಂಬ ಫಲಕ ಕೊಟ್ಟರು. ಅದು ಈಗಲೂ ನಮ್ಮ ಟೀವಿಯ ಮೇಲಿದೆ. ಓದುಗ ಮಿತ್ರರೇ, ನಿಮ್ಮಲ್ಲಿ ಮುಚ್ಚಿಡುವುದೇನು, ಲೋಕಕಲ್ಯಾಣದ ಹಿಂದೆ ನನ್ನದೊಂದು ಗುಪ್ತ ಲೆಕ್ಕಾಚಾರವೂ ಇತ್ತು. ಮರ ಬಂದರೆ ನೆರಳಿಗೆ ಹುಲ್ಲು ಸೊರಗುತ್ತದೆ, ಹುಲ್ಲು ಸೊರಗಿದರೆ ಮುಳ್ಳು ಇಲ್ಲವಾಗುತ್ತದೆ, ಮುಳ್ಳು ಇಲ್ಲವಾದರೆ ಶಾರದೆ ಸುಮ್ಮನಾಗುತ್ತಾಳೆ.

ಆ ಬಯಲಿಗೆ ನಮಗಿಂತ ಮೊದಲೇ ನಡಿಗೆಗೆ ಬರುವವರಿದ್ದರು, ಕೃಷ್ಣಮೃಗಗಳು. ಹಳ್ಳಿಯವರು ಜಿಂಕೆ ಎನ್ನುತ್ತಾರೆ, ಗಣಿಯ ಲೈನುಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವ ತಮಿಳರು ಮಾನ್ ಎನ್ನುತ್ತಾರೆ, ನಾನು ಮಾತ್ರ ಪಾಂಡಿತ್ಯ ಪ್ರದರ್ಶನಕ್ಕಾಗಿ ಪ್ರತಿ ಸಲವೂ ತಿದ್ದುತ್ತಿದ್ದೆ. ಜಿಂಕೆಯ ಕೊಂಬು ಉದುರಿ ಮತ್ತೆ ಹೊಸದು ಮೂಡುತ್ತದೆ. ಕೃಷ್ಣಮೃಗ ಒಮ್ಮೆ ಮೂಡಿದ ಸುರುಳಿಕೊಂಬನ್ನು ಸಾಯುವವರೆಗೆ ಹೊತ್ತು ತಿರುಗುತ್ತದೆ. ಗಂಡಿಗೆ ಕಪ್ಪು ಕೋಟು, ಬಿಳಿ ಹೊಟ್ಟೆ. ಹೆಣ್ಣಿಗೆ ಕೊಂಬಿಲ್ಲ, ಒಣಹುಲ್ಲಿನದೇ ಬಣ್ಣ. ಗಂಡು ತನ್ನ ಹಿಕ್ಕೆಯ ಗುಡ್ಡೆಯ ಬಳಿ ಕತ್ತೆತ್ತಿ ನಿಂತು, ಇಲ್ಲಿಂದ ಇಲ್ಲಿಯವರೆಗೆ ನನ್ನದು ಎಂದು ಜಗತ್ತಿಗೆ ಸಾರುವ ಠೀವಿಯನ್ನು ನೋಡಿದರೆ, ನಿವೃತ್ತಿಗೆ ಮುಂಚೆ ನಮ್ಮ ಪಾಟೀಲರು ಶಾಪಿನ ಬಾಗಿಲಲ್ಲಿ ನಿಲ್ಲುತ್ತಿದ್ದುದು ನೆನಪಾಗುತ್ತದೆ. ಹಳೆಯ ಕನ್ನಡದಲ್ಲಿ ಇದಕ್ಕೆ ಹುಲ್ಲೆ ಎಂಬ ಚೆಂದದ ಹೆಸರುಂಟು. ಆ ಹೆಸರಿನೊಳಗೆ ಹುಲ್ಲು ಇರುವುದನ್ನು ಭಾಷಾಪಂಡಿತರು ಒಪ್ಪುತ್ತಾರೋ ಇಲ್ಲವೋ, ಬಯಲಿನಲ್ಲಿ ನಿಂತು ನೋಡಿದವರಿಗೆ ಅನುಮಾನ ಬರುವುದಿಲ್ಲ.

ಈ ಪ್ರಾಣಿಗೂ ನನಗೂ ಸಂಬಂಧ ಹಳೆಯದು. ಎಂಟನೆಯ ವಯಸ್ಸಿನಲ್ಲಿ ನನಗೆ ಉಪನಯನವಾದಾಗ, ಜನಿವಾರಕ್ಕೆ ಬೆರಳಗಲದ ಒಂದು ಕೃಷ್ಣಾಜಿನದ, ಅಂದರೆ ಕೃಷ್ಣಮೃಗದ ಚರ್ಮದ, ತುಂಡನ್ನು ಕಟ್ಟಿದ್ದರು. ಬ್ರಹ್ಮಜ್ಞಾನದ ಬಗ್ಗೆ ಆಗ ನನಗೆ ತಿಳಿದದ್ದು ಇಷ್ಟೇ, ಅದು ತುರಿಸುತ್ತದೆ. ನನ್ನಜ್ಜ ಹೇಳುತ್ತಿದ್ದರು, ಕೃಷ್ಣಮೃಗ ತಾನಾಗಿ ಅಲೆಯುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲವೆಂದು ಹಿಂದಿನವರು ದೇಶದ ಎಲ್ಲೆಯನ್ನು ಗುರುತಿಸುತ್ತಿದ್ದರಂತೆ. ಕಲ್ಲು ನೆಟ್ಟು, ತಂತಿ ಬಿಗಿದು ಎಲ್ಲೆ ಹಾಕುವ ನಮ್ಮ ಕಾಲಕ್ಕಿಂತ ಅದು ಎಷ್ಟೋ ಸುಸಂಸ್ಕೃತ ಪದ್ಧತಿಯೆಂದು ನನಗೆ ಈಗ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಒಂದು ಕಾಲಕ್ಕೆ ದಖ್ಖನ್ನಿನ ಬಯಲೆಲ್ಲ ಪುಣ್ಯಭೂಮಿಯೇ. ಹುಲ್ಲು ಇದ್ದಲ್ಲೆಲ್ಲ ಹುಲ್ಲೆ ಇತ್ತು. ಆಮೇಲೆ ಬಯಲು ಹೊಲವಾಯಿತು, ಹೊಲ ಸೈಟಾಯಿತು, ಸೈಟಿಗೆ ಬೇಲಿ ಬಂತು, ಕೃಷ್ಣಮೃಗ ಅಲ್ಲೊಂದು ತುಂಡು, ಇಲ್ಲೊಂದು ತುಂಡು ಬಯಲಿನಲ್ಲಿ ಉಳಿಯಿತು. ದೇಶದ ಬೇರೆ ಕೆಲವು ಕಡೆ ಈಗ ಚೆನ್ನಾಗಿಯೇ ಹೆಚ್ಚಿವೆಯಂತೆ, ಸಂತೋಷ. ಆದರೆ ನಮ್ಮ ಬಯಲಿನ ಹಿಂಡು ರೈಲು ಹತ್ತಿ ಅಲ್ಲಿಗೆ ಹೋಗುವಂತಿಲ್ಲ. ಇದಕ್ಕೆ ಉಳಿದಿರುವುದು ಇದೊಂದೇ ಬಯಲು, ಬಯಲು ಹೋದರೆ ಹಿಂಡೂ ಹೋಯಿತು.

ಇದೆಲ್ಲ ಗೊತ್ತಿದ್ದವನಂತೆ ಈಗ ಬರೆಯುತ್ತಿದ್ದೇನೆ. ಆಗ ಗೊತ್ತಿದ್ದವಳು ಮುನಿಯಮ್ಮ ಒಬ್ಬಳೇ. ಕಾಮಸಮುದ್ರದ ದಾರಿಯ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಎರಡು ಸೀಮೆಹಸು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕುಡುಗೋಲು ಹಿಡಿದು ಹುಲ್ಲು ಕೊಯ್ಯಲು ಬಯಲಿಗೆ ಬರುತ್ತಿದ್ದಳು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ಮೂವತ್ತು ಸಸಿಯ ಯಶಸ್ಸಿನಿಂದ ಉಬ್ಬಿದ ನಾವು ಬಯಲಿನ ನಟ್ಟನಡುವೆಯೇ ದೊಡ್ಡ ತೋಪು ಎಬ್ಬಿಸಲು ಹೊರಟಾಗ, ಟ್ರ್ಯಾಕ್ಟರಿಗೆ ಗುಂಡಿ ಕೊರೆಯುವ ಯಂತ್ರ ಕಟ್ಟಿ ಇನ್ನೂರ ನಲವತ್ತು ಗುಂಡಿ ತೋಡಿಸಿದೆವು. ಸ್ಟೋರ್ಸಿನವನಾದ್ದರಿಂದ ಸಾಲಿಗೆ ಹನ್ನೆರಡರಂತೆ ಇಪ್ಪತ್ತು ಸಾಲು, ಹಗ್ಗ ಹಿಡಿದು ಗುರುತು ಹಾಕಿಸಿದವನು ನಾನೇ. ಮುನಿಯಮ್ಮ ಹುಲ್ಲಿನ ಹೊರೆ ಇಳಿಸಿ, ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದಳು: "ಯಾಕ್ ಸಾಮಿ, ಇಷ್ಟೊಂದ್ ಗುಂಡಿ? ಇನ್ ಜಿಂಕೆ ಎಲ್ಲಿಗೋಗ್ಬೇಕು?"

ಮರದ ನೆರಳಲ್ಲಿ ಅವೂ ತಂಪಾಗಿರುತ್ತವೆ ಎಂದು ನಾನು ಉದಾರವಾಗಿ ಹೇಳಿದೆ. ಅವಳು ತಲೆಯಾಡಿಸಿದಳು. "ಅದು ನೆರಳಾಗೆ ಮಲಗೋ ಜೀವ ಅಲ್ಲ ಸಾಮಿ. ಕೊಂಬೈತೆ ಅಂತ ನಾಯಿ ಜೊತೆ ಕಾದಾಡ್ತದಾ? ಕಣ್ಣೇ ಅದ್ರ ಕೋಟೆ. ದೂರುಕ್ಕೆ ಕಾಣ್ಬೇಕು, ಓಡಾಕೆ ಜಾಗ ಇರ್ಬೇಕು. ಮರ ಎದ್ರೆ ನಾಯಿ ಮರ್ಯಾಗೇ ಬತ್ತದೆ." ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ದಾರಿಯಲ್ಲಿ ಪಾಟೀಲರಿಗೆ, ತೋಪಾದರೆ ಅವಳ ಹಸುವಿಗೆ ಹುಲ್ಲು ಕಡಿಮೆಯಾಗುತ್ತದಲ್ಲ, ಅದಕ್ಕೇ ಜಿಂಕೆಯ ನೆಪ ಎಂದು ವ್ಯಾಖ್ಯಾನವನ್ನೂ ಮಾಡಿದೆ. ಪ್ಯಾಂಟಿನ ಮುಳ್ಳಿಗಾಗಿ ಕಾಡು ಬೆಳೆಸಲು ಹೊರಟವನು ಇನ್ನೊಬ್ಬರ ಸ್ವಾರ್ಥವನ್ನು ಅಳೆದದ್ದು ಹೀಗೆ.

ಗುಂಡಿ ತೋಡಿದ ಐದನೆಯ ಬೆಳಿಗ್ಗೆ ನಾನೂ ಪಾಟೀಲರೂ ಬಯಲಿನ ಅಂಚಿನಲ್ಲಿ ನಿಂತು ಸಸಿಯ ಲಾರಿ ಯಾವಾಗ ಬರುತ್ತದೆಂದು ಮಾತಾಡುತ್ತಿದ್ದೆವು. ದೂರದಲ್ಲಿ ಹಿಂಡು ಮೇಯುತ್ತಿತ್ತು. ಮಾಂಸದಂಗಡಿಗಳ ಕಸ ಸುರಿಯುವ ಕಡೆಯಿಂದ ಆರೇಳು ನಾಯಿಗಳು ಬಂದವು. ಹಾಗೆ ಅವು ಬರುವುದು ಹೊಸದೇನಲ್ಲ. ನಾಯಿ ಓಡುವುದು, ಕೃಷ್ಣಮೃಗ ಚಿಮ್ಮುವುದು, ಎರಡು ನಿಮಿಷದಲ್ಲಿ ನಾಯಿ ನಾಲಗೆ ಚಾಚಿ ಕೂರುವುದು, ಇದನ್ನು ನಾವು ಎಷ್ಟೋ ಸಲ ನೋಡಿ ಚಪ್ಪಾಳೆ ತಟ್ಟಿದ್ದೆವು. ಬಯಲಿನಲ್ಲಿ ಅದನ್ನು ಓಡಿ ಹಿಡಿಯುವ ನಾಯಿ ಹುಟ್ಟಿಲ್ಲ. ಅವತ್ತೂ ಹಿಂಡು ಚಿಮ್ಮಿತು, ಎಂದಿನ ದಾರಿ ಹಿಡಿದು ನಮ್ಮ ಇಪ್ಪತ್ತು ಸಾಲಿನ ಮೇಲೆ ಬಂತು. ಮುಂದಿನವು ಹಾರಿಕೊಂಡವು. ನಡುವಿನ ಒಂದು ಹೆಣ್ಣು ಹಾರಿ ಇಳಿದ ಜಾಗದಲ್ಲಿ ಗುಂಡಿಯಿತ್ತು. ಮುಂಗಾಲೆರಡೂ ಒಳಗೆ ಹೋಗಿ, ಮೈ ಮುಂದಕ್ಕೆ ಮಗುಚಿತು. ಕಾಲು ಮುರಿದ ಸದ್ದು ನಾವು ನಿಂತಲ್ಲಿಗೆ ಕೇಳಿಸಿತೆಂದು ಪಾಟೀಲರು ಹೇಳುತ್ತಾರೆ. ನನಗೆ ಕೇಳಿಸಿದ್ದು ನಾಯಿಗಳದ್ದು ಮಾತ್ರ.

ಅರವತ್ತನಾಲ್ಕರ ಮಂಡಿಯನ್ನು ಮರೆತು ನಾನು ಓಡಿದೆ. ನನಗಿಂತ ಮೊದಲು, ಆಚೆ ಬದಿಯಿಂದ ಮುನಿಯಮ್ಮ ತಲುಪಿದ್ದಳು. "ಥೂ, ನಿಮ್ಮನೆ ಆಳಾಗೋಗ!" ಎಂದು ಕಿರುಚುತ್ತ ಕುಡುಗೋಲು ಬೀಸಿ, ಕಲ್ಲು ತೂರಿ ನಾಯಿಗಳನ್ನು ಅಟ್ಟಿದಳು. ಪಾಟೀಲರು ಅರಣ್ಯ ಇಲಾಖೆಯವರಿಗೆ ಫೋನು ಮಾಡಿದರು. ಜೀಪು ಹೊರಟಿತ್ತು, ಬರುತ್ತಲೂ ಇತ್ತು, ಆದರೆ ಅದಕ್ಕೆ ಮೊದಲೇ ಆ ಪ್ರಾಣಿ ನನ್ನ ಟವೆಲಿನ ಮೇಲೆ ತಲೆಯಿಟ್ಟು ಸತ್ತುಹೋಯಿತು. ಅದರ ಕಣ್ಣಿನ ಸುತ್ತ ಬಿಳಿಯ ಒಂದು ಬಳೆಯಿದೆಯೆಂದು ಮೂವತ್ತು ವರ್ಷ ನೋಡಿದವನು ಅವತ್ತು ಮೊದಲ ಸಲ ಹತ್ತಿರದಿಂದ ಕಂಡೆ. ಮುನಿಯಮ್ಮ ಅದರ ಹೊಟ್ಟೆ ಸವರಿ ಹೇಳಿದಳು: "ಕೆಚ್ಚಲಾಗೆ ಹಾಲೈತೆ ಸಾಮಿ. ಮರಿ ಎಲ್ಲೋ ಹುಲ್ಲಾಗೆ ಮಲಗೈತೆ."

ಕೃಷ್ಣಮೃಗದ ತಾಯಿ ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ತಾಯಿ ಬಂದು ಕರೆಯುವವರೆಗೆ ಮರಿ ಮಿಸುಕುವುದಿಲ್ಲ. ಪಕ್ಕದಲ್ಲೇ ಮನುಷ್ಯ ನಡೆದು ಹೋದರೂ ಏಳುವುದಿಲ್ಲ. ಅದರ ಸುರಕ್ಷತೆಯಿರುವುದೇ ಹಾಗೆ ಬಿದ್ದುಕೊಂಡಿರುವುದರಲ್ಲಿ. ಇಲಾಖೆಯ ಗಾರ್ಡು, ಮುನಿಯಮ್ಮ, ಪಾಟೀಲರು, ನಾನು ಬಿಸಿಲೇರುವವರೆಗೆ ಒಂದೊಂದೇ ಹೆಜ್ಜೆಯಿಟ್ಟು ಹುಡುಕಿದೆವು. ಸಂಜೆ ಮತ್ತೆ ಹುಡುಕಿದೆವು, ಮರುದಿನವೂ ಹುಡುಕಿದೆವು. ಮರಿ ಸಿಗಲಿಲ್ಲ. ನನಗೆ ಆ ಎರಡು ದಿನ ಊಟ ಸೇರಲಿಲ್ಲ. ನಾಚಿಕೆ, ಸಂಕಟ, ನನ್ನ ಮೇಲೆ ನನಗೇ ಸಿಟ್ಟು, ಮೂರೂ ಒಟ್ಟಿಗೆ ಬಂದಿದ್ದವು. ಮುನಿಯಮ್ಮ ನನ್ನನ್ನು ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಸಂಜೆ ಹಸು ಕರೆಯುವ ಹೊತ್ತಾಯಿತೆಂದು ಹೊರೆ ಹೊತ್ತು ಹೋದಳು.

ಆ ದಿನಗಳಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು. ಕಂದಾಯ ಇಲಾಖೆಯ ಕಡತಗಳಲ್ಲಿ ಇಂಥ ನೆಲಕ್ಕೆ ಖರಾಬು ಎಂದು ಹೆಸರು, ಉಳುವುದಕ್ಕಾಗದ್ದೆಲ್ಲ ಖರಾಬು. ಆ ಪದವನ್ನು ಯಾವನೋ ಗುಮಾಸ್ತ ಕಾಗದದ ಮೇಲೆ ಬರೆದ, ನಾನು ಮನಸ್ಸಿನ ಮೇಲೆ ಬರೆದುಕೊಂಡೆ, ವ್ಯತ್ಯಾಸ ಅಷ್ಟೇ. ಮರವಿದ್ದರೆ ಪ್ರಕೃತಿ, ಇಲ್ಲದಿದ್ದರೆ ಪಾಳು ಎಂಬುದು ಪುತ್ತೂರಿನಲ್ಲಿ ಸತ್ಯವಿರಬಹುದು, ಇಲ್ಲಿ ಅಲ್ಲ. ಈ ಕೆಂಪು ಗರಸುಮಣ್ಣಿನ ಮೇಲೆ, ಇಷ್ಟು ಮಳೆಗೆ, ಹುಲ್ಲೇ ಕಾಡು. ಅದರೊಳಗೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯಿದೆ, ಮೊಲವಿದೆ, ನರಿಯಿದೆ, ತಾಯಿಗಾಗಿ ಕಾದು ಮಲಗುವ ಮರಿಯಿದೆ. ಊರಿನವರಿಗೆ ಈ ಖಾಲಿ ಜಾಗದಲ್ಲಿ ಏನಾದರೊಂದು ಬರಲಿ ಎಂಬ ಆಸೆಯಿದೆ. ಗಣಿ ಮುಚ್ಚಿದ ಮೇಲೆ ದಿನವೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಆಸೆಯನ್ನು ನಾನು ತಪ್ಪೆನ್ನಲಾರೆ. ಆದರೆ ಖಾಲಿ ಎನ್ನುವ ಮೊದಲು ಒಳಗೆ ಯಾರಿದ್ದಾರೆಂದು ಬಾಗಿಲು ತಟ್ಟಿ ನೋಡುವುದು ಮರ್ಯಾದೆ.

ಬಳಗದ ಸಭೆ ಸೇರಿತು. ಸಸಿಗಳು ಆಗಲೇ ಲಾರಿಯಲ್ಲಿ ಬಂದು ಪಾಟೀಲರ ಮನೆಯ ಕಾಂಪೌಂಡಿನಲ್ಲಿ ನಿಂತಿದ್ದವು. ನಾನೆದ್ದು, ನೆಡುವುದು ಬೇಡ, ಗುಂಡಿಗಳನ್ನೆಲ್ಲ ಮುಚ್ಚಬೇಕು, ಎರಡು ವರ್ಷದ ಹಿಂದೆ ನೆಟ್ಟ ಮೂವತ್ತನ್ನೂ ಕಿತ್ತು ಬೇರೆ ಕಡೆಗೆ ಒಯ್ಯಬೇಕು ಎಂದೆ. "ಏನ್ರೀ ಭಟ್ರ, ತಲಿ ಗಿಲಿ ಕೆಟ್ಟದೇನು ನಿಮಗ? ಗಿಡಾ ಹಚ್ಚಿದ್ದಕ್ಕ ಶಾಲು ಹೊಚ್ಚಿಸ್ಕೊಂಡ್ರಿ, ಈಗ ಗಿಡಾ ಕೀಳ್ತೀನಿ ಅಂತೀರಿ!" ಎಂದರು ಪಾಟೀಲರು. ಗುಂಡಿಗೆ ತಂತಿ ಸುತ್ತಿದರಾಯಿತು, ನಾಯಿ ಹಿಡಿಸಿದರಾಯಿತು, ಒಂದು ಜಿಂಕೆಗಾಗಿ ತೋಪು ಬಿಡುವುದೇ ಎಂದು ಉಳಿದವರೂ ದನಿಗೂಡಿಸಿದರು. ನಾನು ಸ್ವಭಾವತಃ ಪುಕ್ಕಲ; ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಯಾರು ಜೋರು ಮಾಡಿದರೂ ಅವರು ಕೇಳಿದ ಮಾಲನ್ನು ಕೊಟ್ಟು ಕಳಿಸಿದವನು. ಅವತ್ತು ಮಾತ್ರ ಎಲ್ಲಿಂದ ಧೈರ್ಯ ಬಂತೋ, ಈ ಬಯಲಿನಲ್ಲಿ ಇನ್ನೊಂದು ಗಿಡ ನೆಡುವುದಾದರೆ ಮೊದಲು ನನ್ನನ್ನು ಆ ಗುಂಡಿಯಲ್ಲಿ ನೆಡಿ ಎಂದುಬಿಟ್ಟೆ. "ನಿಮ್ಮನ್ನ ಹಚ್ಚಿದ್ರ ಏನೂ ಚಿಗ್ಯೂದಿಲ್ಲ ಬಿಡ್ರಿ" ಎಂದು ಪಾಟೀಲರು ಎದ್ದು ಹೋದರು. ಸಭೆ ಮುಗಿಯಿತು.

ಮಾರನೆಯ ಬೆಳಿಗ್ಗೆ ಒಬ್ಬನೇ ಗುದ್ದಲಿ, ಬಾಂಡ್ಲಿ ಹಿಡಿದು ಹೋದೆ. ಟ್ರ್ಯಾಕ್ಟರಿಗೇ ಒಂದು ಹಲಗೆ ಕಟ್ಟಿ ಎಳೆಸಿದ್ದರೆ ಅರ್ಧ ದಿನದ ಕೆಲಸ. ಆದರೆ ಮರಿಗಳು ಮಲಗುವ ಹುಲ್ಲಿನ ಮೇಲೆ ಚಕ್ರ ಹರಿಸುವುದು ಬೇಡವೆಂದು ಮುನಿಯಮ್ಮ ಕೈಮುಗಿದು ಹೇಳಿದ್ದಳು. ಈ ಸಲ ನಾನು ನಗಲಿಲ್ಲ. ಸ್ಟೋರ್ಸಿನಲ್ಲಿ ನಮಗೊಂದು ನಿಯಮವಿತ್ತು, ಹೊರಗೆ ಹೋದ ಮಾಲು ಮರಳಿ ಬಂದರೆ ಅದು ಇದ್ದ ಕಪಾಟಿಗೇ ಹೋಗಬೇಕು, ಪಕ್ಕದ್ದಕ್ಕಲ್ಲ. ಅದರಂತೆ ಪ್ರತಿ ಗುಂಡಿಗೂ ಅದರ ಪಕ್ಕದಲ್ಲಿದ್ದ ಅದರದೇ ಮಣ್ಣನ್ನು, ಅಡಿಯದು ಅಡಿಗೆ, ಮೇಲಿನದು ಮೇಲಕ್ಕೆ, ತುಳಿದು ತುಂಬಿದೆ. ಮೊದಲ ದಿನ ನಾಲ್ಕು ಗುಂಡಿಗೆ ನನ್ನ ಉಸಿರು ಮುಗಿಯಿತು. ಎರಡನೆಯ ದಿನ ಮುನಿಯಮ್ಮ ಹುಲ್ಲಿನ ಹೊರೆ ಪಕ್ಕಕ್ಕಿಟ್ಟು ಬಾಂಡ್ಲಿ ತೆಗೆದುಕೊಂಡಳು. ಆರನೆಯ ದಿನ ದೂರದಿಂದ ಯಾರೋ ಬೈಯುತ್ತ ಬರುವುದು ಕೇಳಿಸಿತು, ಬೈಗುಳದ ಧಾಟಿಯಿಂದಲೇ ಪಾಟೀಲರೆಂದು ತಿಳಿಯಿತು. ಹೆಗಲ ಮೇಲೆ ಸ್ವಂತ ಗುದ್ದಲಿಯಿತ್ತು. "ಆ ಕಾಲು ಮುರಿದ ಸಪ್ಪಳಾ ಕಿವಿಯಾಗಿಂದ ಹೊಂಟಿಲ್ರೀ" ಎಂದಷ್ಟೇ ಹೇಳಿ ಗುಂಡಿಗೆ ಮಣ್ಣೆಳೆಯತೊಡಗಿದರು. ಮಣ್ಣು ತುಂಬುವುದರಲ್ಲೂ ಫೋರ್‌ಮನ್ ಫೋರ್‌ಮನ್ನೇ. ನನ್ನ ಗುಂಡಿಗಳಲ್ಲಿ ಹನ್ನೊಂದನ್ನು ಸರಿಯಾಗಿ ತುಳಿದಿಲ್ಲವೆಂದು ತಿರಸ್ಕರಿಸಿ ಮತ್ತೆ ಮಾಡಿಸಿದರು.

ಎರಡು ವರ್ಷದ ಮೂವತ್ತು ಸಸಿ ಕೀಳುವುದು ಮಾತ್ರ ಹೇಳಿದಷ್ಟು ಸುಲಭವಾಗಲಿಲ್ಲ. ಅವುಗಳಲ್ಲಿ ಒಂದು ಹೊಂಗೆ ನನ್ನ ಎದೆಮಟ್ಟ ಬಂದು, ಆ ವರ್ಷವೇ ಮೊದಲ ಸಲ ದಟ್ಟವಾಗಿ ಚಿಗುರಿತ್ತು. ನೀರು ಹಾಕಿದ ಕೈಯಿಂದಲೇ ಅದರ ಬುಡಕ್ಕೆ ಹಾರೆ ಹಾಕುವಾಗ ನನಗೆ ಅಳು ಬಂತು, ಅತ್ತೆ. ಮಣ್ಣುಗಡ್ಡೆಯ ಸಮೇತ ಎತ್ತಿ, ಗೋಣಿತಾಟು ಸುತ್ತಿ ಗಣಿಯ ಲೈನುಗಳಿಗೆ ಒಯ್ದೆವು, ಲಾರಿಯಲ್ಲಿ ಬಂದ ಹೊಸ ಸಸಿಗಳನ್ನೂ ಅಲ್ಲಿಗೇ ಸಾಗಿಸಿದೆವು. ಅಲ್ಲಿ ತಗಡಿನ ಮಾಡಿನ ಸಾಲುಮನೆಗಳು ಬೇಸಗೆಯಲ್ಲಿ ಬಾಣಲೆಯಾಗುತ್ತವೆ. ನೆರಳು ನಿಜವಾಗಿ ಬೇಕಾಗಿರುವುದು ಅಲ್ಲಿಗೆ. ಹೆಂಗಸರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ನನಗೆ ಬೇವು, ನನಗೆ ಹೊಂಗೆ ಎಂದು ಜಗಳವಾಡಿ ಬಾಗಿಲೆದುರಿಗೆ ನೆಡಿಸಿಕೊಂಡರು. ನನ್ನ ಹೊಂಗೆ ಎಲೆಯುದುರಿಸಿ ತಿಂಗಳೊಪ್ಪತ್ತು ಮುನಿಸಿಕೊಂಡು, ಈಗ ಒಬ್ಬ ಅಜ್ಜಿಯ ಮಂಚಕ್ಕೆ ನೆರಳು ಕೊಡುತ್ತಿದೆ.

ಅಷ್ಟಕ್ಕೇ ಮುಗಿಸುವ ಉದ್ದೇಶ ನನಗಿಲ್ಲ. ಬಯಲನ್ನು ಹುಲ್ಲಾಗಿಯೇ ಉಳಿಸಬೇಕು, ಅಂಗಡಿಗಳ ಕಸವನ್ನು ಬೇರೆ ಕಡೆಗೆ ಹಾಕಿಸಬೇಕು ಎಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೇನೆ. ಕಸದ ತಕರಾರನ್ನು ಮುನಿಯಮ್ಮ ಅಂಗಡಿಯವರ ಮುಂದೆ ಗಂಟಲೆತ್ತಿ ಅರ್ಧ ಬಗೆಹರಿಸಿದ್ದಾಳೆ. ಅರ್ಜಿಯದೇ ಕಷ್ಟ. ರಸ್ತೆ ಬೇಕು, ಕಟ್ಟಡ ಬೇಕು, ಗಿಡ ಬೇಕು ಎಂದು ಕೇಳುವವರಿಗೆ ಒಂದೊಂದು ದಾರಿಯಿದೆ. ಏನೂ ಮಾಡಬೇಡಿ ಎಂದು ಕೇಳುವವನ ಅರ್ಜಿಯನ್ನು ಯಾವ ಮೇಜಿಗೆ ಕಳಿಸಬೇಕೆಂದು ಯಾರಿಗೂ ತಿಳಿಯದು. "ಏನಾದ್ರೂ ಒಂದು ಮಾಡಿಸ್ತೀನಿ ಅಂತ ಬರ್ಕೊಡಿ ಸಾರ್, ಫೈಲ್ ಓಡುತ್ತೆ" ಎಂದು ಒಬ್ಬ ಗುಮಾಸ್ತರು ಅನುಕಂಪದಿಂದಲೇ ಹೇಳಿದರು. ನಾನು ಹಾಗೆ ಬರೆದುಕೊಡಲಿಲ್ಲ. ಪ್ರತಿ ಸಲವೂ ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿನ ನೀರಿನಂತೆ ತಿಳಿಯಾದ ಪಾನಿಯ ಪಾನಿಪುರಿಯನ್ನು ಕಣ್ಣಲ್ಲಿ ನೀರು ಬರುವವರೆಗೆ ತಿಂದು, ಸೋಲಿನ ಕಣ್ಣೀರನ್ನು ಖಾರದ ಲೆಕ್ಕಕ್ಕೆ ಹಾಕಿ ಮನೆಗೆ ಬರುತ್ತೇನೆ. ಒಂಬತ್ತು ಸಲ ಹೋಗಿದ್ದೇನೆ, ಹತ್ತನೆಯ ಸಲವೂ ಹೋಗುತ್ತೇನೆ. ಕಾಲು ನಡೆಯುವವರೆಗೆ ಹೋಗುತ್ತೇನೆ.

ಇನ್ನೊಂದು ತೊಡಕು ಉಳಿದಿತ್ತು. ಗುಂಡಿ ಮುಚ್ಚಿದ್ದೇನೋ ಸರಿ, ಆದರೆ ಬಯಲಿನ ಹುಲ್ಲಿನ ನಡುವೆ ಇನ್ನೂರ ನಲವತ್ತು ಕೆಂಪು ಬೊಟ್ಟುಗಳು ಹಾಗೆಯೇ ಕಾಣುತ್ತಿದ್ದವು. ಒಂದು ಮಳೆಗಾಲ ಕಳೆದರೂ ಹಲವು ಬೊಟ್ಟುಗಳಲ್ಲಿ ಹುಲ್ಲು ಹಿಡಿಯಲಿಲ್ಲ. ಆ ತಾಯಿ ಬಿದ್ದ ಗುಂಡಿಯಲ್ಲಂತೂ ಒಂದು ಗರಿಕೆಯೂ ಏಳಲಿಲ್ಲ. ಹುಲ್ಲಿನ ಬೀಜ ಎಲ್ಲಿ ಸಿಗುತ್ತದೆಂದು ನಾನು ಬೀಜದಂಗಡಿಗಳಲ್ಲಿ ವಿಚಾರಿಸಿದೆ. ಸೊಪ್ಪು, ತರಕಾರಿ, ಲಾನಿನ ವಿದೇಶಿ ಹುಲ್ಲು ಎಲ್ಲ ಇತ್ತು, ಈ ಬಯಲಿನ ಹುಲ್ಲನ್ನು ಯಾರೂ ಮಾರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕುಳಿತು ಈ ಗೋಳನ್ನು ಹೇಳಿಕೊಳ್ಳುತ್ತಿದ್ದಾಗ, ನನ್ನ ಪ್ಯಾಂಟನ್ನು ತೊಡೆಯ ಮೇಲೆ ಹರವಿಕೊಂಡು ಮುಳ್ಳು ಕೀಳುತ್ತಿದ್ದ ಶಾರದೆಯ ಕೈ ನಿಂತಿತು. ಕಿತ್ತ ಮುಳ್ಳೊಂದನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದಳು: "ಇದು ಎಂಥ ಹಾಗಾದ್ರೆ?"

ಇಷ್ಟು ವರ್ಷ ಕಸದ ಬುಟ್ಟಿಗೆ ಹಾಕಿದ್ದು ಅದೇ ಬೀಜ. ಅಂದಿನಿಂದ ನಾನು ಬೇಕೆಂದೇ ಹುಲ್ಲು ದಟ್ಟವಿರುವ ಕಡೆ, ಬೇಕೆಂದೇ ಒರಟು ಬಟ್ಟೆಯ ಪ್ಯಾಂಟು ತೊಟ್ಟು ನಡೆಯುತ್ತೇನೆ. ಪಾಟೀಲರು ಉಣ್ಣೆಯ ಸಾಕ್ಸು ಹಾಕಿಕೊಂಡು ಬರುತ್ತಾರೆ, ಅವರ ಫಸಲು ನನ್ನದಕ್ಕಿಂತ ಹೆಚ್ಚು. ಈ ಮುಂಗಾರಿನ ಮೊದಲ ಹದಮಳೆಗೆ ಆ ತಾಯಿ ಬಿದ್ದ ಗುಂಡಿಯ ಮಣ್ಣು ಕೆದಕಿ, ಒಂದು ಹಿಡಿ ಮುಳ್ಳು ಉದುರಿಸಿ ಬಂದೆವು. ಅಲ್ಲಿ ಈಗ ಬೆರಳುದ್ದ ಹಸಿರಿದೆ. ಇವತ್ತು ಬೆಳಿಗ್ಗೆ ಒಂದು ಹೆಣ್ಣು ಕೃಷ್ಣಮೃಗ, ಪಕ್ಕದಲ್ಲಿ ಅದರ ಮರಿ, ಅಲ್ಲೇ ತಲೆ ಬಗ್ಗಿಸಿದ್ದವು. ನಾನು ನಿಂತೆ, ಅವು ತಲೆಯೆತ್ತಿ ನೋಡಿದವು, ದೂರ ಸಾಕಷ್ಟಿದೆಯೆಂದು ಮತ್ತೆ ಮೇಯತೊಡಗಿದವು.

ಆ ಸಂತೋಷದಲ್ಲಿ ಸ್ವಲ್ಪ ಬೇಗನೆ ಮನೆಗೆ ಬಂದೆ. ಶಾರದೆ ಮುಳ್ಳು ತುಂಬಿಡುವ ಹಳೆಯ ಹಾರ್ಲಿಕ್ಸ್ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ಕಾದಿದ್ದಳು. ಪ್ಯಾಂಟಿನ ಕಾಲಂಚನ್ನು ಹಿಡಿದು ತಿರುಗಿಸಿ, ಇನ್ನೂ ನೂರಾರು ಕೆಂಪು ಬೊಟ್ಟುಗಳ ಲೆಕ್ಕ ಮನಸ್ಸಿನಲ್ಲಿದ್ದವಳಂತೆ ಮುಖ ಸಪ್ಪಗೆ ಮಾಡಿದಳು. "ಇಷ್ಟೇಯಾ? ಇದು ಯಾವುದಕ್ಕೂ ಸಾಕಾಗ್ಲಿಕ್ಕಿಲ್ಲ ಮಾರಾಯ್ರೆ. ಇನ್ನೊಂದು ಸುತ್ತು ಹಾಕಿ ಬನ್ನಿ, ಕಾಫಿ ಆಮೇಲೆ ಕೊಡ್ತೇನೆ" ಎಂದಳು.